ಕಾಂಕಾರ್ಡ್ ಹತ್ತಿದ ಮೇಷ್ಟ್ರು

ಕಾಂಕಾರ್ಡ್ ವಿಮಾನದ ಬಗ್ಗೆ ನನ್ನ ಬಳಿ ಬೇಕಾದಷ್ಟು ನೆನಪುಗಳಿವೆ. ಅದರ ಕಿಟಕಿ ಅಂಗೈಯಷ್ಟೇ ಅಗಲ. ಹಾರುವಾಗ ಆ ಗಾಜಿನ ಮೇಲೆ ಬೆರಳಿಟ್ಟರೆ ಬೆಚ್ಚಗಿರುತ್ತದೆ. ಮೇಲಕ್ಕೆ ಹೋದಂತೆ ಆಕಾಶ ತನ್ನ ನೀಲಿ ಬಿಟ್ಟು ಬದನೆಕಾಯಿ ಬಣ್ಣಕ್ಕೆ ತಿರುಗುತ್ತದೆ. ಇಳಿಯುವ ಹೊತ್ತಿಗೆ ಅದರ ಉದ್ದ ಮೂಗು ಕೆಳಕ್ಕೆ ಬಾಗುತ್ತದೆ, ಗದ್ದೆಗೆ ಇಳಿಯುವ ಕೊಕ್ಕರೆ ಕತ್ತು ಬಗ್ಗಿಸಿದ ಹಾಗೆ. ನನ್ನ ಸೀಟು ಎಡಗಡೆ, ಹನ್ನೊಂದನೇ ಸಾಲು. ಪಕ್ಕದಲ್ಲಿ ಒಬ್ಬ ಬಿಳಿ ಮುದುಕಿ ಕುಳಿತು ಉಣ್ಣೆ ಹೆಣೆಯುತ್ತಿದ್ದಳು. ಇಷ್ಟನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ಹೇಳಿದ್ದೇನೆ. ಹೇಳಿ ಹೇಳಿ ಆ ಮುದುಕಿಯ ಕನ್ನಡಕದ ದಾರ ಯಾವ ಬಣ್ಣದ್ದು ಎಂಬುದೂ ನನಗೆ ಗೊತ್ತಾಗಿಬಿಟ್ಟಿದೆ.

ತೊಂದರೆ ಏನೆಂದರೆ ನಾನು ಕಾಂಕಾರ್ಡ್ ಹತ್ತಿಲ್ಲ. ಹತ್ತುವುದಿರಲಿ, ಕಣ್ಣಾರೆ ನೋಡಿಯೂ ಇಲ್ಲ. ಇವತ್ತಿನವರೆಗೆ ಯಾವ ವಿಮಾನವನ್ನೂ ಹತ್ತಿದವನಲ್ಲ. ಚನ್ನಗಿರಿಯ ಈ ಮನೆಯಲ್ಲಿ ಪಿಂಚಣಿ ತೆಗೆದುಕೊಂಡು ಕುಳಿತಿರುವ ನಿವೃತ್ತ ವಿಜ್ಞಾನ ಮೇಷ್ಟ್ರು ನಾನು. ಶಬ್ದಕ್ಕಿಂತ ವೇಗವಾಗಿ ಜನರನ್ನು ಹೊತ್ತು ಹಾರುತ್ತಿದ್ದ ಆ ವಿಮಾನಕ್ಕೂ ನನಗೂ ಇದ್ದ ಸಂಬಂಧವೆಂದರೆ ಒಂದು ಕ್ಯಾಲೆಂಡರು, ಮತ್ತು ಒಂದು "ಹ್ಞೂಂ."

ಕ್ಯಾಲೆಂಡರು ಬಂದದ್ದು ಬೊಂಬಾಯಿಯಿಂದ. ನಮ್ಮ ಅಕ್ಕನ ಗಂಡ ಗಲ್ಫ್ ದೇಶದಲ್ಲಿ ಏಸಿ ರಿಪೇರಿ ಕೆಲಸದಲ್ಲಿದ್ದರು. ಒಮ್ಮೆ ರಜೆ ಮುಗಿಸಿ ಹೊರಟಾಗ ಸಾಮಾನು ಹೊರಲು ಜೊತೆಗೆ ನಾನೂ ಬೊಂಬಾಯಿಗೆ ಹೋದೆ. ವಿಮಾನ ನಿಲ್ದಾಣದ ಹೊರಗೆ ಬೇಲಿಗೆ ಮುಖ ಒತ್ತಿ ನಿಂತರೂ ಒಂದು ಬಾಲ ಮಾತ್ರ ಕಾಣಿಸಿತು. ಭಾವನಿಗೆ ಟಿಕೆಟ್ ಮಾಡಿಕೊಟ್ಟ ಏಜೆಂಟಿನ ಅಂಗಡಿಯಲ್ಲಿ ಗೋಡೆಗಿದ್ದ ಕ್ಯಾಲೆಂಡರು ಕೇಳಿ ಇಸಿದುಕೊಂಡೆ. ಅದರ ಒಂದು ಹಾಳೆಯಲ್ಲಿ ಕಾಂಕಾರ್ಡ್ ಇತ್ತು. ಆ ವರ್ಷ ಮುಗಿದ ಮೇಲೆ ತಾರೀಖಿನ ಭಾಗವನ್ನು ಬ್ಲೇಡಿನಿಂದ ಕೊಯ್ದು, ಚಿತ್ರವನ್ನು ರಟ್ಟಿಗೆ ಅಂಟಿಸಿ, ಬಸವಾಪಟ್ಟಣದ ನನ್ನ ಶಾಲೆಯಲ್ಲಿ ಕರಿಹಲಗೆಯ ಪಕ್ಕದ ಮೊಳೆಗೆ ನೇತುಹಾಕಿದೆ.

ಆಗ ನನಗೆ ಇಪ್ಪತ್ತೈದು. ಕೆಲಸಕ್ಕೆ ಸೇರಿ ವರ್ಷವಾಗಿತ್ತು ಅಷ್ಟೆ. ಹತ್ತನೇ ತರಗತಿಯ ಹುಡುಗರಲ್ಲಿ ಮೂವರು ನನಗಿಂತ ಎತ್ತರವಿದ್ದರು. ನನ್ನನ್ನು ಹಿಂದಿನಿಂದ ಕಡ್ಡಿ ಮೇಷ್ಟ್ರು ಎನ್ನುತ್ತಿದ್ದರು, ಕೆಲವರು ಮುಂದಿನಿಂದಲೂ ಅನ್ನುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ತಿರುಗುತ್ತಿದ್ದ ಕಾಲ ಅದು. ಒಂದು ದಿನ ಶಬ್ದದ ಪಾಠ ಮಾಡುತ್ತ ಆ ಚಿತ್ರ ತೋರಿಸಿ, ಇದು ಶಬ್ದಕ್ಕಿಂತ ಮುಂದೆ ಹೋಗುವ ವಿಮಾನ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, "ಸಾರ್, ಬೊಂಬಾಯಿಗೆ ಹೋಗಿದ್ರಲ್ಲ, ಇದ್ರಾಗೆ ಕುಂತಿದ್ರಾ?"

"ಹ್ಞೂಂ," ಎಂದೆ.

ಯೋಚಿಸಿ ಹೇಳಿದ್ದಲ್ಲ. ಆದರೆ ಹೇಳಿದ ಮರುಕ್ಷಣ ತರಗತಿಯಲ್ಲಿ ಸದ್ದಡಗಿದ ಬಗೆ ಇದೆಯಲ್ಲ, ಅದನ್ನು ನಾನು ಮರೆಯಲಿಲ್ಲ. ನನ್ನನ್ನು ಕಡ್ಡಿ ಎಂದು ಕರೆಯುತ್ತಿದ್ದವರೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ಆ ಮೌನ ನನಗೆ ರುಚಿಯಾಯಿತು. ಮುಂದಿನ ವರ್ಷದ ಒಂಬತ್ತನೇ ತರಗತಿಗೆ ಅವರಾಗಿ ಕೇಳುವ ಮೊದಲೇ ನಾನೇ ಹೇಳಿದೆ.

ಸುಳ್ಳಿಗೂ ವರ್ಗಾವಣೆಯಾಗುತ್ತದೆ ಎಂದು ಆಮೇಲೆ ತಿಳಿಯಿತು. ಬಸವಾಪಟ್ಟಣದಿಂದ ನ್ಯಾಮತಿಗೆ ಹೋದೆ, ಆಗಿನ್ನೂ ಅದು ತಾಲ್ಲೂಕು ಆಗಿರಲಿಲ್ಲ. ಅಲ್ಲಿನ ವಾಚನಾಲಯದಲ್ಲಿ ಕಾಂಕಾರ್ಡ್ ಬಗ್ಗೆ ಒಂದು ಉದ್ದನೆಯ ಲೇಖನ ಸಿಕ್ಕಿತು. ಕಿಟಕಿಯ ಅಳತೆ, ಬೆಚ್ಚನೆಯ ಗಾಜು, ಬಾಗುವ ಮೂಗು ಎಲ್ಲ ಅದರಿಂದಲೇ ಬಂದವು. ಅವು ನಿಜವಾದ ಸಂಗತಿಗಳು. ನಾನು ಮಾಡಿದ್ದೆಂದರೆ ಆ ನಿಜಗಳ ಮಧ್ಯೆ ನನ್ನನ್ನು ತಂದು ಕೂರಿಸಿದ್ದು. ಉಣ್ಣೆ ಹೆಣೆಯುವ ಮುದುಕಿಯನ್ನು ನಾನೇ ಹತ್ತಿಸಿದೆ. ಸ್ಟಾಫ್ ರೂಮಿನಲ್ಲಿ ಮಾತ್ರ ಒಂದಕ್ಷರ ಬಾಯಿ ಬಿಡಲಿಲ್ಲ. ಸಂತೆಯಲ್ಲಿ ಯಾರಾದರೂ ತಂದೆ ತಾಯಿ ಸಿಕ್ಕಿ, "ಇಮಾನ ಹತ್ತಿದ್ರಂತಲ್ಲ ಮೇಷ್ಟ್ರೇ," ಎಂದರೆ ನಕ್ಕು ಸೊಪ್ಪಿನ ಕಟ್ಟು ಆರಿಸುತ್ತಿದ್ದೆ. ನಗುವುದು ಸುಳ್ಳು ಹೇಳಿದ ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಮದುವೆಯಾದ ಮೇಲೆ ಹೆಂಡತಿಗೆ ಹೇಗೋ ತಿಳಿಯಿತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬೊಂಬಾಯಿ ಸ್ಟೇಷನ್ನಿನಾಗೆ ದಾರಿ ತಪ್ಪಿ ಅತ್ತೋರು ನೀವು. ಆ ಹುಡುಗ್ರ ಮುಂದೆ ಎಂಥಾ ಬುರುಡೆ ಬಿಡ್ತೀರ್ರೀ!" ನನಗೆ ಸಿಟ್ಟು ಬಂತು. ಅಳಲಿಲ್ಲ, ಕಣ್ಣಿಗೆ ಕಸ ಬಿದ್ದಿತ್ತು ಎಂದೆ. ಅವಳು ಇನ್ನೂ ಜೋರಾಗಿ ನಕ್ಕಳು. ಆಗ ನಾನೂ ನಕ್ಕುಬಿಟ್ಟೆ. ಅಲ್ಲಿಯವರೆಗೆ ಅದು ನಗುವಂಥದ್ದೇ ಆಗಿತ್ತು. ಯಾರಿಗೂ ನಷ್ಟವಿರಲಿಲ್ಲ.

ನಷ್ಟ ಶುರುವಾದದ್ದು ಸಾಸ್ವೆಹಳ್ಳಿಯಲ್ಲಿ.

ಹೊನ್ನಾಳಿಯಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಸಾಸ್ವೆಹಳ್ಳಿಗೆ ಹೋಗಿಬರುತ್ತಿದ್ದೆ. ಅಲ್ಲಿಯ ಒಂಬತ್ತನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಊರಾಚೆಯ ಕಾಲೋನಿಯಿಂದ ಬರುತ್ತಿದ್ದಳು. ತಂದೆ ತಾಯಿ ಇಬ್ಬರೂ ಗದ್ದೆ ಕೂಲಿ, ಮನೆಯಲ್ಲಿ ಬುದ್ಧನ ಫೋಟೋ ಇಟ್ಟುಕೊಂಡಿದ್ದ ಕುಟುಂಬ. ಮಾತು ಕಡಿಮೆ. ಕೇಳಿದರೆ ಮಾತ್ರ ಉತ್ತರ, ಅದೂ ನೆಲ ನೋಡಿಕೊಂಡು. ಆದರೆ ಅವಳ ವಿಜ್ಞಾನದ ಪುಸ್ತಕ ತಿದ್ದುವಾಗ ನನ್ನ ಕೆಂಪು ಪೆನ್ನಿಗೆ ಕೆಲಸವೇ ಇರುತ್ತಿರಲಿಲ್ಲ.

ಶಬ್ದದ ಪಾಠ ಬಂತು. ಕ್ಯಾಲೆಂಡರಿನ ರಟ್ಟು ಗೋಡೆಗೆ ಏರಿತು. ಕಿಟಕಿ, ಗಾಜು, ಮೂಗು, ಮುದುಕಿ ಎಲ್ಲ ಸರಾಗವಾಗಿ ಮುಗಿಯಿತು. ಯಾರಿಗಾದರೂ ಏನಾದರೂ ಕೇಳುವುದಿದೆಯಾ ಎಂದೆ. ಆ ಹುಡುಗಿ ಎದ್ದು ನಿಂತಳು. ತಾನಾಗಿ ಎದ್ದದ್ದು ಅದೇ ಮೊದಲು.

"ಸಾರ್, ಅದು ಶಬ್ದಕ್ಕಿಂತ ಜೋರಾಗಿ ಹೋಗ್ತೈತೆ ಅಂದ್ರಲ್ಲ. ಹಂಗಾದ್ರೆ ಒಳಗೆ ಕುಂತೋರು ಮಾತಾಡಿದ್ರೆ ಒಬ್ರದ್ದೊಬ್ರಿಗೆ ಕೇಳ್ತೈತಾ?"

ಅಷ್ಟು ವರ್ಷದಲ್ಲಿ ಒಬ್ಬರೂ ಕೇಳಿರದ ಪ್ರಶ್ನೆ. ವಾಚನಾಲಯದ ಲೇಖನದಲ್ಲಿ ಇದರ ಉತ್ತರ ಇರಲಿಲ್ಲ. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದು ಬೇರೆ ಯಾವ ಪ್ರಶ್ನೆಗಾದರೂ ಹೇಳಬಹುದಿತ್ತು. ಇದಕ್ಕೆ ಹೇಳುವ ಹಾಗಿರಲಿಲ್ಲ, ಯಾಕೆಂದರೆ ಒಳಗೆ ಕುಳಿತು ಬಂದವನಿಗೆ ಇದು ಗೊತ್ತಿರಲೇಬೇಕು. ಗೊತ್ತಿಲ್ಲ ಎಂದರೆ ಹತ್ತಿಲ್ಲ ಎಂದಂತೆ. ಕೇಳುತ್ತದೆ, ಕೇಳುವುದಿಲ್ಲ, ಎರಡರಲ್ಲಿ ಒಂದು ಹೇಳಬೇಕಿತ್ತು. ಕೇಳುವುದಿಲ್ಲ ಎಂದರೆ ಕಥೆ ಚೆನ್ನಾಗಿರುತ್ತದೆ ಎನ್ನಿಸಿತು.

"ಕೇಳಲ್ಲ," ಎಂದೆ. "ಮಾತು ಬಾಯಿಂದ ಬರುತ್ತಲೇ ಹಿಂದೆ ಉಳಿದುಬಿಡುತ್ತದೆ. ಅದಕ್ಕೇ ಅದರೊಳಗೆ ಎಲ್ಲರೂ ಗಪ್‌ಚುಪ್. ಏನಾದರೂ ಬೇಕಿದ್ದರೆ ಚೀಟಿ ಬರೆದು ತೋರಿಸಬೇಕು. ನಾನು ನೀರು ಬೇಕೆಂದು ಚೀಟಿ ಬರೆದೆ."

ತರಗತಿ ಖುಷಿಯಿಂದ ಹೋ ಎಂದಿತು. ಹುಡುಗಿ ಕೂರಲಿಲ್ಲ.

"ಅಲ್ಲ ಸಾರ್, ಒಳಗಿನ ಗಾಳೀನೂ ಇಮಾನದ ಜೊತೀಗೇ ಹೋಗ್ತೈತಲ್ಲ. ಹೊನ್ನಾಳಿ ಬಸ್ಸಿನಾಗೆ ನೊಣ ಹಿಂದಿನ ಸೀಟಿಂದ ಮುಂದ್ಕೆ ಆರಾಮಾಗಿ ಹಾರ್ಕಂಡು ಹೋಗ್ತೈತೆ. ಬಸ್ಸು ಎಷ್ಟು ಜೋರಾಗಿ ಹೋದ್ರೂ ಅದೇನು ಹಿಂದ್ಲ ಗಾಜಿಗೆ ಬಡ್ಕಳಲ್ಲ. ಮಾತೂ ಹಂಗೇ ಅಲ್ವಾ ಸಾರ್?"

ನೊಣದ ಮಾತು ಅವಳು ಮುಗಿಸುವ ಮೊದಲೇ ನನಗೆ ಗೊತ್ತಾಯಿತು, ಅವಳದ್ದು ಸರಿ. ಗಾಳಿ ಒಳಗೆ ಮುಚ್ಚಿಕೊಂಡು ವಿಮಾನದ ಜೊತೆಯೇ ಓಡುತ್ತದೆ, ಆ ಗಾಳಿಯಲ್ಲಿ ಮಾತು ಎಂದಿನಂತೆ ನಡೆಯುತ್ತದೆ. ಪದವಿಯಲ್ಲಿ ಭೌತಶಾಸ್ತ್ರ ಓದಿದ ನನಗೆ ಹೊಳೆಯದ್ದು ಹದಿನಾಲ್ಕು ವರ್ಷದ ಹುಡುಗಿಗೆ ಬಸ್ಸಿನಲ್ಲಿ ಕುಳಿತು ಹೊಳೆದಿತ್ತು. ಮೇಷ್ಟ್ರಾದವನಿಗೆ ಜನ್ಮದಲ್ಲಿ ಒಂದೋ ಎರಡೋ ಸಲ ಇಂಥ ಗಳಿಗೆ ಬರುತ್ತದೆ. ನಾನು ಏನು ಮಾಡಿದೆನೆಂದರೆ, ಡಸ್ಟರನ್ನು ಮೇಜಿಗೆ ಕುಟ್ಟಿದೆ.

"ವಿಮಾನ ಹತ್ತಿದೋಳು ನೀನೋ, ನಾನೋ?"

ಅವಳು ನೆಲ ನೋಡಿದಳು. "ನೀವು ಸಾರ್."

"ಹಾಗಾದರೆ ಹೊರಗೆ ನಿಂತ್ಕೋ. ನೊಣ ಎಣಿಸು."

ಮಕ್ಕಳೆಲ್ಲ ನಕ್ಕರು. ನಗಲಿ ಎಂದೇ ಹೇಳಿದ್ದು ನಾನು. ಅವಳು ಬಾಗಿಲಾಚೆ ವರಾಂಡದ ಕಂಬಕ್ಕೆ ಒರಗದೆ ನೆಟ್ಟಗೆ ನಿಂತು ಆ ಪಿರಿಯಡ್ ಕಳೆದಳು. ಅದೇ ಪ್ರಶ್ನೆಯನ್ನು ಮೊದಲ ಬೆಂಚಿನ ಅಡಿಕೆ ಮಂಡಿಯವರ ಹುಡುಗ ಕೇಳಿದ್ದರೆ ಅಷ್ಟು ಸಲೀಸಾಗಿ ಹೊರಗೆ ಕಳಿಸುತ್ತಿದ್ದೆನೇ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ. ಕಳಿಸುತ್ತಿರಲಿಲ್ಲ. ಅವನಿಗೆ, ಭೇಷ್, ಒಳ್ಳೆ ಪ್ರಶ್ನೆ, ನಾಳೆ ನೋಡೋಣ ಎನ್ನುತ್ತಿದ್ದೆ. ಬರೆಯುವಾಗಲೂ ಈ ಸಾಲಿನ ಹತ್ತಿರ ಕೈ ನಿಲ್ಲುತ್ತದೆ.

ಅವತ್ತು ಸಂಜೆ ಹೊನ್ನಾಳಿ ಬಸ್ಸಿನಲ್ಲಿ ಕಡೆಯ ಸೀಟಿನಲ್ಲಿ ಕುಳಿತೆ. ಯಾರದೋ ಬೆಲ್ಲದ ಪೊಟ್ಟಣದ ಮೇಲಿದ್ದ ನೊಣ ಎದ್ದು, ಜನರ ತಲೆಗಳ ಮೇಲೆ ಸಾವಕಾಶವಾಗಿ ಹಾರಿ, ಡ್ರೈವರನ ಮುಂದಿನ ಗಾಜಿನವರೆಗೂ ಹೋಯಿತು. ಬಸ್ಸು ಆಗ ಒಳ್ಳೆ ವೇಗದಲ್ಲಿತ್ತು. ಮರುದಿನ ಬೆಳಿಗ್ಗೆ ಅವಳನ್ನು ಕರೆದು ನಿನ್ನದೇ ಸರಿ ಎನ್ನಲು ಐದು ನಿಮಿಷ ಸಾಕಾಗುತ್ತಿತ್ತು. ಬದಲಿಗೆ ನಾನು ಪಾಠದ ನೋಟ್ಸ್ ಬರೆಸಿದೆ. ನಮ್ಮ ಕಡೆ ಮೇಷ್ಟ್ರು ಬರೆಸಿದ ನೋಟ್ಸ್ ಎಂದರೆ ಪಠ್ಯಪುಸ್ತಕಕ್ಕಿಂತ ದೊಡ್ಡದು. ಪರೀಕ್ಷೆಗೆ ಅದನ್ನೇ ಓದುವುದು, ಮುಂದಿನ ವರ್ಷ ತಮ್ಮಂದಿರಿಗೆ, ನೆಂಟರ ಮಕ್ಕಳಿಗೆ ಅದನ್ನೇ ಕೊಡುವುದು. ಆ ನೋಟ್ಸಿನಲ್ಲಿ ಏಳನೇ ಅಂಶವಾಗಿ ಹೀಗೆ ಬರೆಸಿದೆ: ಕಾಂಕಾರ್ಡ್ ವಿಮಾನದೊಳಗೆ ಪ್ರಯಾಣಿಕರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ.

ಅವಳೂ ಬರೆದುಕೊಂಡಳು. ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿದಳು, ಮತ್ತೆ ಬರೆದಳು.

ಆ ವರ್ಷ ವಿಜ್ಞಾನ ವಸ್ತು ಪ್ರದರ್ಶನ ಶಿವಮೊಗ್ಗದಲ್ಲಿತ್ತು. ಆಗ ನಾವಿನ್ನೂ ಶಿವಮೊಗ್ಗ ಜಿಲ್ಲೆಗೇ ಸೇರಿದ್ದೆವು. ಶಾಲೆಯಿಂದ ಒಬ್ಬರನ್ನು ಕಳಿಸಬೇಕು, ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಯಾರು ಮೊದಲೋ ಅವರನ್ನು. ಪ್ರಶ್ನೆಪತ್ರಿಕೆ ತೆಗೆಯುವವನು ನಾನೇ. ಒಂದು ಅಂಕದ ಪ್ರಶ್ನೆಗಳಲ್ಲಿ ಕಾಂಕಾರ್ಡಿನೊಳಗೆ ಮಾತು ಕೇಳಿಸುತ್ತದೆಯೇ ಎಂಬುದನ್ನೂ ಸೇರಿಸಿದೆ. ಯಾಕೆ ಸೇರಿಸಿದೆ? ಅವಳು ಸೋಲಲಿ ಎಂದೇ. ನನ್ನ ಸುಳ್ಳಿಗೆ ಅವಳ ಕೈಯಿಂದ ಒಂದು ರುಜು ಬೇಕಾಗಿತ್ತು.

ಅವಳು ರುಜು ಹಾಕಲಿಲ್ಲ. "ಕೇಳಿಸುತ್ತದೆ. ಏಕೆಂದರೆ ಒಳಗಿನ ಗಾಳಿಯೂ ವಿಮಾನದೊಂದಿಗೇ ಚಲಿಸುತ್ತದೆ," ಎಂದು ದುಂಡಗೆ ಬರೆದಿದ್ದಳು. ನಾನು ಕೆಂಪು ಪೆನ್ನಿನಲ್ಲಿ ಅಡ್ಡ ಗೀಟು ಎಳೆದೆ. ಅಡಿಕೆ ಮಂಡಿಯವರ ಹುಡುಗ ನೋಟ್ಸಿನಲ್ಲಿದ್ದುದನ್ನು ಬರೆದಿದ್ದ. ಆ ಒಂದು ಅಂಕದಲ್ಲಿ ಅವನು ಮೊದಲನೆಯವನಾದ. ಹುಡುಗಿ ಉತ್ತರ ಪತ್ರಿಕೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಆ ಗೀಟಿನ ಮೇಲೆ ಬೆರಳಿಟ್ಟಳು. "ನೋಟ್ಸಿನಲ್ಲಿ ಏನಿದೆಯೋ ಅದನ್ನು ಬರಿ," ಎಂದೆ. ಹುಡುಗ ಇಂಜೆಕ್ಷನ್ ಸಿರಿಂಜಿನಿಂದ ಮಾಡಿದ ನೀರಿನ ಪಂಪು ಹಿಡಿದು ಶಿವಮೊಗ್ಗಕ್ಕೆ ಹೋಗಿಬಂದ. ಅವಳು ಮತ್ತೆ ನನ್ನ ತರಗತಿಯಲ್ಲಿ ಏಳಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ ಕಾಲೇಜಿನಲ್ಲಿ ಆರ್ಟ್ಸ್ ತೆಗೆದುಕೊಂಡಳೆಂದು ಕೇಳಿದೆ. ವಿಜ್ಞಾನ ಯಾಕೆ ಬೇಡವಾಯಿತು ಎಂದು ಯಾರೂ ನನ್ನನ್ನು ಕೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ.

ಆಮೇಲೆ ಜಗಳೂರಿಗೆ ವರ್ಗವಾಯಿತು. ಅಲ್ಲಿ ನನಗಿಂತ ಮೊದಲೇ ನನ್ನ ಏಳನೇ ಅಂಶ ಹೋಗಿ ಕುಳಿತಿತ್ತು. ಮೊದಲ ವರ್ಷವೇ ಒಬ್ಬ ಹುಡುಗ ಹಳೆಯ ನೋಟ್ಸ್ ತಂದು ತೋರಿಸಿದ. "ನಮ್ ಮಾವನ ಮಗ ಸಾಸ್ವೆಹಳ್ಳಿನಾಗೆ ಓದಿದ್ದು ಸಾರ್. ಅದ್ರಾಗೆ ಕುಂತು ಬಂದೋರು ನೀವೇ ಅಂತೆ?" ಅಂಚು ಹರಿದ ಆ ಪುಸ್ತಕ ಮುಟ್ಟಲು ನನಗೆ ಹೇಸಿಗೆಯಾಯಿತು. ಜಗಳೂರಿನ ಬಯಲಿನ ಆಕಾಶದಲ್ಲಿ ಎಲ್ಲೋ ಎತ್ತರದಲ್ಲಿ ಬಿಳಿ ಗೀರು ಮೂಡಿದರೆ ಸಾಕು, ಮಕ್ಕಳು ಆಟ ನಿಲ್ಲಿಸಿ ಕೂಗುತ್ತಿದ್ದರು, "ಸಾರ್, ನಿಮ್ ಇಮಾನ!" ಅಲ್ಲ ಕಣ್ರೋ ಎನ್ನುತ್ತಿದ್ದೆ. ವಿನಯಕ್ಕೆ ಹಾಗೆನ್ನುತ್ತಾರೆ ಎಂದುಕೊಳ್ಳುತ್ತಿದ್ದರು.

ಅಲ್ಲೇ ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತ ಪೇಪರ್ ತೆಗೆದರೆ ಕಾಂಕಾರ್ಡ್ ಹಾರಾಟ ಇನ್ನು ಮುಂದೆ ಇಲ್ಲ ಎಂಬ ಸುದ್ದಿ. ಲೋಕದ ಜನರೆಲ್ಲ ಮರುಗಿದರಂತೆ. ನನಗಾದದ್ದು ನೆಮ್ಮದಿ. ಇನ್ನು ಯಾರೂ ಹತ್ತುವ ಹಾಗಿಲ್ಲ, ಹತ್ತಿ ಬಂದು ಸಾರ್, ಒಳಗೆ ಮಾತು ಕೇಳಿಸಿತು ಎನ್ನುವ ಹಾಗಿಲ್ಲ. ಸಾಕ್ಷಿ ಹೇಳಬೇಕಾದವನು ಊರು ಬಿಟ್ಟು ಹೋದ ಹಾಗಾಯಿತು. ಇನ್ನೊಂದು ಕಾಫಿ ಹೇಳಿದೆ. ನಾಚಿಕೆಗೆಟ್ಟವನು ಎಂದು ಈಗ ಬೈದುಕೊಳ್ಳುತ್ತೇನೆ, ಆಗ ಕಾಫಿ ಚೆನ್ನಾಗಿತ್ತು.

ಆ ವಿಮಾನಗಳನ್ನು ಬಿಚ್ಚಿ ಗುಜರಿಗೆ ಹಾಕುತ್ತಾರೆ ಎಂದುಕೊಂಡಿದ್ದೆ. ವಸ್ತುಸಂಗ್ರಹಾಲಯಗಳಲ್ಲಿ ನಿಲ್ಲಿಸಿದರು. ಹಾರುವಾಗ ನಮ್ಮಂಥವರಿಗೆ ಎಟುಕದಿದ್ದುದು ನಿಂತ ಮೇಲೆ ಹೋದವರಿಗೆಲ್ಲ ಬಾಗಿಲು ತೆರೆಯಿತು.

ಹೋದ ವರ್ಷ ಸಾಸ್ವೆಹಳ್ಳಿಯ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡರು. ಈಗ ಎಲ್ಲ ಕಡೆ ಇದು ನಡೆಯುತ್ತದೆ. ಮೊಬೈಲಿನಲ್ಲಿ ಗುಂಪು ಕಟ್ಟಿಕೊಂಡು, ಚೆದುರಿಹೋದವರನ್ನೆಲ್ಲ ಹುಡುಕಿ, ಬದುಕಿರುವ ಮೇಷ್ಟ್ರುಗಳನ್ನು ಕರೆದು ಶಾಲು ಹೊದಿಸುತ್ತಾರೆ. ಮುಂದೆ ನಿಂತು ನಡೆಸಿದವನು ಸಿರಿಂಜ್ ಪಂಪಿನ ಹುಡುಗನೇ. ಈಗ ಅವನೇ ಮಂಡಿ ನೋಡಿಕೊಳ್ಳುವ ದೊಡ್ಡ ವ್ಯಾಪಾರಿ. ಕಾರು ಕಳಿಸುತ್ತೇನೆ ಎಂದು ಫೋನ್ ಮಾಡಿದ. "ಅವಳೂ ಬರ್ತಾಳೆ ಸಾರ್, ನಮ್ ಕ್ಲಾಸಿನಾಗೆ ನೊಣ ಅಂತ ಕರೀತಿದ್ವಲ್ಲ," ಎಂದು ನಕ್ಕ. ಆ ಹೆಸರು ಅವಳಿಗೆ ಅಂಟಿಕೊಂಡಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ನಾನೇ ಅಂಟಿಸಿದ್ದು.

ಹೊರಡುವಾಗ ಹೆಂಡತಿ ಅಂಗಿಯ ಗುಂಡಿ ಸರಿಮಾಡುತ್ತ ಹೇಳಿದಳು, "ಈ ಸಲನಾದ್ರೂ ನಿಜ ಹೇಳಿಬಿಡ್ರೀ. ಹಗುರಾಗಿ ಬರ್ರಿ." ಅವಳು ನಗಲಿಲ್ಲ. ಹೇಳುತ್ತೇನೆ ಎಂದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ.

ವೇದಿಕೆಯ ಮೇಲೆ ನನಗೆ ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಒಬ್ಬೊಬ್ಬರಾಗಿ ಬಂದು ಕಾಲಿಗೆ ಬಿದ್ದರು. ಅವಳು ಮೂರನೇ ಸಾಲಿನಲ್ಲಿ ಕುಳಿತಿದ್ದಳು, ತಕ್ಷಣ ಗುರುತು ಹತ್ತಿತು. ಸರದಿಯಲ್ಲಿ ಬಂದಳು, ಕೈ ಮುಗಿದಳು. ಕಾಲು ಮುಟ್ಟಲಿಲ್ಲ. ಆ ಗದ್ದಲದಲ್ಲಿ ಯಾರೂ ಅದನ್ನು ಗಮನಿಸಲಿಲ್ಲ, ನಾನು ಗಮನಿಸಿದೆ.

ಮಂಡಿಯವನು ಮೈಕು ತೆಗೆದುಕೊಂಡ. ಆ ವರ್ಷ ಅವನು ವ್ಯಾಪಾರಿ ಗೆಳೆಯರ ಜೊತೆ ಯುರೋಪ್ ಪ್ರವಾಸಕ್ಕೆ ಹೋಗಿದ್ದನಂತೆ. "ಎಲ್ರೂ ಟವರ್ ನೋಡಾಕೆ ಹೋದ್ರು. ನಾನು ಟೂರಿನೋರ ಜೊತೆ ಜಗಳ ಮಾಡಿ ಕಾಂಕಾರ್ಡ್ ನೋಡಾಕೆ ಹೋದೆ. ಯಾಕಂದ್ರೆ ನಮ್ ಸಾರ್ ಕುಂತಿದ್ದ ಇಮಾನ ಅದು! ಒಳಗೋಗಿ ಹನ್ನೊಂದನೇ ಸಾಲು ಎಣಿಸ್ದೆ, ಎಡಗಡೆ ಸೀಟಿಗೆ ಕೈ ಮುಗ್ದೆ." ಸಭೆ ಚಪ್ಪಾಳೆ ತಟ್ಟಿತು. "ಅಲ್ಲಿ ಒಬ್ಬ ತೋರ್ಸೋನು ಇದ್ದ. ಅವನಿಗೆ ಹೇಳ್ದೆ, ಈಗ ನಿಂತೈತಲ್ಲ, ಅದಕ್ಕೆ ಮಾತು ಕೇಳ್ತೈತೆ. ಹಾರೋವಾಗ ಕೇಳ್ತಿರ್ಲಿಲ್ಲ, ಚೀಟಿ ಬರೀತಿದ್ರು ಅಂತ. ಅವ್ನು ಬಿದ್ದು ಬಿದ್ದು ನಕ್ಕ. ಜೊತೆಗಿದ್ದೋರನ್ನೂ ಕರೆದು ನಗ್ಸಿದ. ನಾನೂ ಬಿಡ್ಲಿಲ್ಲ. ನಮ್ ಸಾರೇ ಕುಂತು ಬಂದಾರೆ, ನಿಂಗೇನು ಗೊತ್ತಲೇ ಅಂದೆ!" ಚಪ್ಪಾಳೆ ಇನ್ನೂ ಜೋರಾಯಿತು. ಪರದೇಶದಲ್ಲಿ ನನ್ನ ಮಾತು ನಂಬಿ ನಗೆಪಾಟಲಾದದ್ದು ಅವನಿಗೆ ಇವತ್ತಿಗೂ ತಿಳಿದಿಲ್ಲ. ಆ ವಿಮಾನದ ಫೋಟೋಗೆ ಕಟ್ಟು ಹಾಕಿಸಿ ತಂದಿದ್ದ, ನನ್ನ ಕೈಗೆ ಕೊಟ್ಟ. ಜೊತೆಗೆ ಮೈಕನ್ನೂ ಕೊಟ್ಟ.

ಎದುರಿಗೆ ನೂರು ಮುಖ ಅರಳಿಕೊಂಡು ಕುಳಿತಿದ್ದವು. ಮೂರನೇ ಸಾಲಿನಲ್ಲಿ ಒಂದು ಮುಖ ಮಾತ್ರ ಸುಮ್ಮನೆ ನೋಡುತ್ತಿತ್ತು. ಒಂದು ವಿಷಯ ಹೇಳಬೇಕು ಎಂದು ಶುರುಮಾಡಿದೆ. ಆಮೇಲೆ ನನ್ನ ಬಾಯಿಂದ ಬಂದದ್ದು, ಆ ಕಿಟಕಿಯ ಗಾಜು ಮುಟ್ಟಿದರೆ ಬೆಚ್ಚಗಿರುತ್ತಿತ್ತು ಎಂಬ ಮಾತು. ಪೇಟ ತಲೆಯ ಮೇಲೆ ಬಿಗಿಯಾಗಿತ್ತು. ಮೂಗು ಬಾಗಿಸಿ ತೋರಿಸಿದೆ. ಮುದುಕಿಯನ್ನೂ ಬಿಡಲಿಲ್ಲ.

ಊಟದ ಪಂಕ್ತಿ ಮುಗಿದು ಕೈ ತೊಳೆಯುವ ನಲ್ಲಿಯ ಹತ್ತಿರ ಹೋದಾಗ ಅವಳು ಅಲ್ಲಿ ನಿಂತಿದ್ದಳು. ಬಸ್ ಕಂಡಕ್ಟರ್ ಆಗಿದ್ದೇನೆ ಎಂದಳು, ಹೊನ್ನಾಳಿಯಿಂದ ನ್ಯಾಮತಿ ಕಡೆ ಹೋಗುವ ಬಸ್ಸು. ಒಳ್ಳೆಯದಾಯಿತಮ್ಮ ಎಂದೆ.

"ದಿನಾ ಬಸ್ಸಿನಾಗೇ ಇರ್ತೀನಿ ಸಾರ್," ಎಂದಳು. "ಹದಿನಾರು ವರ್ಷ ಆತು. ನೊಣ ಇವತ್ತಿಗೂ ಹಿಂದ್ಲ ಗಾಜಿಗೆ ಬಡ್ಕಂಡಿಲ್ಲ."

ನಾನು ನಲ್ಲಿ ತಿರುಗಿಸಿ ಕೈ ತೊಳೆದೆ. ತೊಳೆದದ್ದೇ ತೊಳೆದೆ.

"ನೀವು ಅದನ್ನ ಹತ್ತಿಲ್ಲ ಅಂತ ನಂಗೆ ಅವತ್ತೇ ಗೊತ್ತಾತು ಸಾರ್. ಹೋಗ್ಲಿ ಬಿಡಿ, ಮಕ್ಕಳಿಗೆ ಕಥೆ ಹೇಳಾಕೆ ಎಲ್ರೂ ಹಂಗೆ ಏನೋ ಒಂದು ಹೇಳ್ತಾರೆ. ಅದಲ್ಲ ನಾನು ಕೇಳ್ಬೇಕಂತಿರೋದು." ಅವಳ ದನಿ ಮೆಲ್ಲಗಿತ್ತು, ಆದರೆ ಈ ಸಲ ನೆಲ ನೋಡುತ್ತಿರಲಿಲ್ಲ. "ನಾನು ಹೇಳಿದ್ದು ಸರಿ ಅಂತ ನಿಮಗೆ ಅವತ್ತು ಗೊತ್ತಿತ್ತಾ ಸಾರ್?"

ಇದಕ್ಕೂ ಎರಡೇ ಉತ್ತರ ಇದ್ದದ್ದು. ಗೊತ್ತಿತ್ತು ಎಂದರೆ, ಗೊತ್ತಿದ್ದೂ ಹೊರಗೆ ನಿಲ್ಲಿಸಿದೆ, ಗೊತ್ತಿದ್ದೂ ಗೀಟು ಎಳೆದೆ ಎಂದಂತೆ. ಗೊತ್ತಿರಲಿಲ್ಲ ಎಂದರೆ ಬರೀ ದಡ್ಡ ಮೇಷ್ಟ್ರು. ದಡ್ಡನಿಗೆ ಕ್ಷಮೆ ಸಿಗುತ್ತದೆ.

"ಇಲ್ಲಮ್ಮ," ಎಂದೆ. "ನನಗೂ ಗೊತ್ತಿರಲಿಲ್ಲ."

ಅವಳು ಉಸಿರು ಬಿಟ್ಟಳು. ಮುಖ ಸಡಿಲವಾಯಿತು. "ಹಂಗಾದ್ರೆ ಸರಿ ಬಿಡಿ ಸಾರ್. ಗೊತ್ತಿದ್ದೂ ಮಾಡಿದ್ರೇನೋ, ನಮ್ಮೋಳಲ್ಲ ಅಂತ ಮಾಡಿದ್ರೇನೋ ಅಂತ ಇಷ್ಟು ವರ್ಷ ಮನಸಿನಾಗೆ ಒಂದು ಮುಳ್ಳಿತ್ತು. ಗೊತ್ತಿಲ್ದೇ ಆಗಿದ್ದಕ್ಕೆ ಯಾರೇನು ಮಾಡಾಕಾಗ್ತೈತೆ." ಹಾಗೆಂದವಳು ಸೆರಗು ಸರಿಮಾಡಿಕೊಂಡು ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು ಮುಟ್ಟಿಸಿಕೊಂಡೆ. ಒದ್ದೆ ಕೈಯನ್ನು ಅವಳ ತಲೆಯ ಮೇಲೆ ಇಟ್ಟು ಚೆನ್ನಾಗಿರಮ್ಮ ಎಂದೂ ಹೇಳಿದೆ.

ಮನೆಗೆ ಬಂದಾಗ ಹೆಂಡತಿ ನನ್ನ ಮುಖ ನೋಡಿದಳು. ಫೋಟೋವನ್ನು ಎಲ್ಲಿ ಹಾಕಲಿ ಎಂದಳು. ಗೋಡೆಗೆ ಹಾಕಲು ಮನಸ್ಸಿಲ್ಲ, ಎಸೆಯಲು 'ಗುರುಗಳಿಗೆ ಪ್ರೀತಿಯಿಂದ' ಎಂದು ಬರೆಸಿದ್ದಾನೆ. ಅಕ್ಕಿ ಡ್ರಮ್ಮಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ.

ಅದಾಗಿ ಎರಡು ತಿಂಗಳಿಗೆ ಒಂದು ಬೆಳಿಗ್ಗೆ ಚನ್ನಗಿರಿಯಿಂದ ಹೊನ್ನಾಳಿಗೆ ಹೋದೆ. ಅವಳ ಬಸ್ಸು ಯಾವುದೆಂದು ವಿಚಾರಿಸಿಕೊಂಡು ಹತ್ತಿದೆ. ನಿಲ್ಲಲೂ ಜಾಗವಿರಲಿಲ್ಲ. ಗೊತ್ತಿತ್ತಮ್ಮ, ನೀನು ಹೇಳಿ ಮುಗಿಸುವ ಮೊದಲೇ ಗೊತ್ತಿತ್ತು. ಇಷ್ಟೇ ಹೇಳಬೇಕಾಗಿದ್ದದ್ದು, ನಾಲ್ಕು ಉಸಿರಿನ ಮಾತು. ಅವಳು ಜನರನ್ನು ಸರಿಸುತ್ತ ಟಿಕೆಟ್ ಹರಿಯುತ್ತ ನನ್ನವರೆಗೆ ಬಂದಳು. ನೋಡಿದ ಕೂಡಲೇ ಮುಖ ಅರಳಿತು. "ಏ, ಏಳಪ್ಪ, ಸೀಟು ಬಿಡು. ನಮ್ ಸಾರು ಇವ್ರು. ನಂಗೆ ವಿಜ್ಞಾನ ಹೇಳ್ಕೊಟ್ಟೋರು," ಎಂದು ಒಬ್ಬನನ್ನು ಎಬ್ಬಿಸಿ ನನ್ನನ್ನು ಕೂರಿಸಿದಳು. "ಎಲ್ಲಿಗೆ ಸಾರ್?"

"ನ್ಯಾಮತಿ," ಎಂದೆ.

ಟಿಕೆಟ್ ಕೊಟ್ಟು ಒಂದು ಕ್ಷಣ ನಿಂತಳು. ನಾನು ಇನ್ನೇನೋ ಹೇಳುತ್ತೇನೆ ಎನ್ನಿಸಿರಬೇಕು. ನಾನು ಟಿಕೆಟನ್ನು ಮಡಚಿ ಜೇಬಿಗಿಟ್ಟೆ. ಅವಳು ಮುಂದಕ್ಕೆ ಹೋದಳು. ನ್ಯಾಮತಿ ಬಂದಾಗ ಇಳಿದೆ, ಅವಳು ಬಾಗಿಲಲ್ಲಿ ನಿಂತು ಹುಷಾರು ಸಾರ್ ಎಂದು ಸೀಟಿ ಊದಿದಳು. ಬಸ್ಸಿನಲ್ಲಿ ವಿಪರೀತ ಗಲಾಟೆ ಇತ್ತು, ಹಾಗಾಗಿ ಹೇಳಲಿಲ್ಲ ಎಂದು ಹೆಂಡತಿಗೆ ಹೇಳಿದೆ. ಅದೂ ಸುಳ್ಳು. ಹೇಳಿದ್ದರೆ ಕೇಳಿಸುತ್ತಿತ್ತು.